ಉತ್ತರದ ಗೋಡೆ

ಮ್ಯೂಸಿಯಂ ನಿರ್ದೇಶಕರು ಪೆನ್ಸಿಲ್ಲಿನ ತುದಿಯಿಂದ ರಟ್ಟಿನ ಮಾದರಿ ವ್ಯೋಮನೌಕೆಯನ್ನು ಮೆಲ್ಲಗೆ ವಾಲಿಸಿದರು. "ನೋಡಿ, ಇಷ್ಟು ಓರೆ ಮಾಡಿದ್ರೆ ಸಾಕು. ಬಂದೋರಿಗೆ ಮ್ಯೂಸಿಯಂ ಬಾಗಿಲಲ್ಲೇ ಮೂರೂ ಸೀಟು ಕಾಣುತ್ತೆ."

ಕಟ್ಟಡದ ಎಂಜಿನಿಯರ್ ಬಗ್ಗಿ ನೋಡಿದಳು. ಹಾಗೆ ವಾಲಿಸಿದರೆ ಸೀಟುಗಳ ತಲೆಯ ಭಾಗ ಕೆಳಗಾಗಿ ಕಾಲಿನ ಭಾಗ ಮೇಲಾಗುತ್ತಿತ್ತು. ಎಡಗಡೆಯದು ಅವಳ ತಮ್ಮನ ಸೀಟು. ನಿಜವಾದ ನೌಕೆ ಭೂಮಿಗೆ ಇಳಿದಾಗ ಉಳಿದಿಬ್ಬರೂ ಉಸಿರಾಡುತ್ತಿದ್ದರು, ಅವನು ಇಲ್ಲ.

"ತಲೆ ಕೆಳಗಾಗುತ್ತೆ, ಸರ್."

"ಯಾರ ತಲೆ? ಖಾಲಿ ಸೀಟಮ್ಮ ಅದು." ಆಡಿದ ಮೇಲೆ ನೆನಪಾಗಿ ಅವರು ಪೆನ್ಸಿಲ್ಲನ್ನು ಜೇಬಿಗೆ ಸೇರಿಸಿದರು. "ನೀವು ಭೌತಶಾಸ್ತ್ರ ಓದಿದೋರು. ಬಾಹ್ಯಾಕಾಶದಲ್ಲಿ ಮೇಲೆ ಕೆಳಗೆ ಅನ್ನೋದೇ ಇಲ್ಲ."

ಅದು ಅವಳಿಗೆ ಗೊತ್ತಿತ್ತು. ತಮ್ಮನೇ ನೌಕೆಯಿಂದ ಮಾತಾಡುವಾಗ ಪರದೆಯ ಮೇಲೆ ತಲೆಕೆಳಗಾಗಿ ತೇಲುತ್ತಾ, "ಅಕ್ಕಾ, ನೀನ್ಯಾಕೆ ಉಲ್ಟಾ ಕೂತಿದೀಯ?" ಎಂದು ಛೇಡಿಸಿದ್ದ. ಆದರೆ ಈ ಕಟ್ಟಡಕ್ಕೆ ನೆಲವಿತ್ತು, ನೆಲದ ಮೇಲಿನದಕ್ಕೆಲ್ಲ ತೂಕವಿತ್ತು. ಓರೆಯ ನಕ್ಷೆಯನ್ನು ಹರವಿದಾಗಲೆಲ್ಲ ಅವಳ ನೆತ್ತಿಗೆ ರಕ್ತ ಇಳಿದಂತಾಗುತ್ತಿತ್ತು.

ಮನೆಯಲ್ಲಿ ಅಮ್ಮ ಈ ಕೆಲಸದ ಬಗ್ಗೆ ಕೇಳಿದ್ದು ಒಂದೇ ಮಾತು: "ಅವನ ತಲೆ ಯಾವ ಕಡೆ ಬರುತ್ತೆ?" ಅದನ್ನೂ ಬಟ್ಟೆ ಮಡಚುತ್ತಾ ಕೇಳಿದ್ದಳು, ಊರಿಂದ ಬರುವವರಿಗೆ ಹಾಸಿಗೆ ಎಲ್ಲಿ ಹಾಸಲಿ ಎನ್ನುವ ಹಾಗೆ.

"ತಳ ಊರಿ ಕೂರಿಸೋಣ, ಸರ್. ಆಗ ಸೀಟು ಅಂಗಾತ ಮಲಗಿದ ಹಾಗಿರುತ್ತೆ."

"ಜನ ಏನು ನೋಡ್ಬೇಕು ಮತ್ತೆ? ಸೀದು ಕಪ್ಪಾದ ತಳಾನಾ? ಅದಕ್ಕೆ ನಮ್ಮನೆ ಪಾತ್ರೆಗಳೇ ಸಾಕು."

"ಸುತ್ತ ಮೆಟ್ಟಿಲು ಹಾಕ್ತೀನಿ. ನೋಡಬೇಕು ಅನ್ನೋರು ಹತ್ತಿ, ಬಗ್ಗಿ ನೋಡಲಿ. ಇನ್ನೊಂದು, ಉತ್ತರದ ಗೋಡೆಗೆ ಒಂದು ಕಿಟಕಿ ಬೇಕು."

"ನೌಕೆ ಹಿಂದಿನ ಗೋಡೆಗೆ? ಅಲ್ಲಿಗೆ ಯಾರೂ ಹೋಗಲ್ಲ. ಯಾರಿಗಮ್ಮ ಅದು?"

"ಉತ್ತರಕ್ಕೆ ನೇರ ಬಿಸಿಲು ಅಷ್ಟಾಗಿ ಬೀಳಲ್ಲ, ಸರ್. ಸೀಟಿನ ಬಟ್ಟೆಗೆ ಏನೂ ಆಗಲ್ಲ."

ಕೇಳಿದ್ದಕ್ಕೆ ಅದು ಉತ್ತರವಾಗಿರಲಿಲ್ಲ. ನಿರ್ದೇಶಕರು ರಟ್ಟಿನ ನೌಕೆಯೊಳಗೆ ಇಣುಕಿ, ಎಡಗಡೆಯ ಸೀಟಿನ ಪಕ್ಕದ ಪುಟ್ಟ ಕಿಟಕಿಯನ್ನು ಹುಡುಕಿದರು. ಅದು ಉತ್ತರದ ಗೋಡೆಗೇ ಮುಖ ಮಾಡಿದೆಯೆಂದು ಕಂಡ ಮೇಲೆ, "ಸಣ್ಣದಾಗಿರಲಿ," ಎಂದರು.

ಗೋಡೆ ಎದ್ದ ಮೇಲೆ ಅವಳು ಅಮ್ಮನನ್ನು ಕರೆತಂದಳು. ನೌಕೆಯಿನ್ನೂ ಬಂದಿರಲಿಲ್ಲ, ಅದು ಕೂರುವ ಜಾಗದಲ್ಲಿ ಸುಣ್ಣದ ವೃತ್ತ ಮಾತ್ರವಿತ್ತು. ಅಮ್ಮ ಅದರೊಳಗೆ ಕಾಲಿಡಲಿಲ್ಲ. ಅವನ ಸೀಟು ಬರುವುದು ಇಲ್ಲಿ ಎಂದು ಮಗಳು ಬೆರಳು ತೋರಿಸಿದ ಕಡೆಗೆ ಗೆರೆಯ ಹೊರಗಿನಿಂದಲೇ ನಡೆದು, ಮೊಣಕಾಲು ಹಿಡಿದುಕೊಂಡು ನೆಲಕ್ಕೆ ಕೂತಳು. ಅಲ್ಲಿಂದ ಏನು ಕಾಣುತ್ತದೆಂದು ಕತ್ತೆತ್ತಿದಳು. ಗಾಜಿಲ್ಲದ ಕಿಟಕಿಯಲ್ಲಿ ಮೋಡವೊಂದು ಅರ್ಧ ದಾಟಿತ್ತು.

ಕಬ್ಬಿಣದ ಸರಳು ಹೊತ್ತು ಬಂದ ಇಬ್ಬರು ಕೆಲಸಗಾರರು ಅವಳನ್ನು ನೋಡಿದರು. ನೇರ ದಾರಿ ಬಿಟ್ಟು, ವೃತ್ತವನ್ನು ಬಳಸಿಕೊಂಡು ಹೋದರು.