ಕೆಪ್ಯಾಸಿಟರಿನ ಮೇಲಿನ ಕುಂಕುಮ

"ಇನ್ನೂ ಎಷ್ಟೊತ್ತು ಗುರು? ಹತ್ತೂವರೆಗೆ ರಾಹುಕಾಲ ಹತ್ಕೊಳ್ಳುತ್ತೆ," ಅಂತ ಕಿಟ್ಟಿ ಮತ್ತೆ ಬಾಗಿಲ ಹತ್ತಿರ ಬಂದು ಬಗ್ಗಿದ.

ಫಕೀರೇಶ ಓಮ್ನಿಯ ಹಿಂದಿನ ಸೀಟಿನ ಕೆಳಗೆ ತಲೆ ತೂರಿಸಿಕೊಂಡು ಅಂಗಾತ ಮಲಗಿದ್ದ. ಕೈಯಲ್ಲಿ ಎರಡು ವೈರಿನ ಸಣ್ಣ ಬಲ್ಬು. ಹೊಸ ಕೆಪ್ಯಾಸಿಟರನ್ನು ಸೀದಾ ಬ್ಯಾಟರಿಗೆ ಕೊಟ್ಟರೆ ಕಿಡಿ ಹಾರುತ್ತದೆ. ಅದಕ್ಕೇ ಮೊದಲು ಬಲ್ಬಿನ ಮೂಲಕ ಮೆಲ್ಲಗೆ ಕರೆಂಟು ಕುಡಿಸಬೇಕು. ಬಲ್ಬು ಜೋರಾಗಿ ಹತ್ತಿಕೊಂಡು, ಬರಬರುತ್ತಾ ಮಂಕಾಗಿ, ಕಡೆಗೆ ಆರುತ್ತದೆ. ಆರಿದರೆ ಡಬ್ಬಿಯ ಹೊಟ್ಟೆ ತುಂಬಿತು ಅಂತ. ಆಮೇಲೆ ಬಲ್ಬು ತೆಗೆದು ನಟ್ಟು ಬಿಗಿಯುವುದು.

ಗಿರಾಕಿಗಳಿಗೆ ಅವನು ಹೇಳುತ್ತಿದ್ದ ಮಾತೇ ಬೇರೆ. "ಕಾವೇರಿ ನೀರು ದಿನಾ ಬರ್ತೈತೇನ್ರಿ? ಅದಕ್ಕ ಡ್ರಮ್ಮಿನ್ಯಾಗ ತುಂಬಿಸಿ ಇಡ್ತೀರಿ. ಇದೂ ಹಂಗ. ಬೇಸ್ ಹೊಡದಾಗ ಗಾಡಿ ಬ್ಯಾಟರಿಗೆ ದಮ್ಮು ಸಾಲಂಗಿಲ್ಲ, ಲೈಟ್ ಡಿಮ್ ಹೊಡೀತಾವ. ಆವಾಗ ಈ ಡಬ್ಬಿ ಕೊಡ್ತೈತಿ."

ಬಲ್ಬು ಜೋರಾಗಿ ಹತ್ತಿತು. ಮಂಕಾಯಿತು. ತೆರೆದ ಬಾಗಿಲಿನಿಂದ ಬಿಸಿಲು ನೆಟ್ಟಗೆ ಅವನ ಕೈ ಮೇಲೆ ಬೀಳುತ್ತಿತ್ತು. ಬೇರೆ ದಿನವಾಗಿದ್ದರೆ ಪೂರ್ತಿ ಆರಿತೇ ಅಂತ ಅಂಗೈ ಮರೆ ಮಾಡಿ ನೋಡುತ್ತಿದ್ದ. ಅಷ್ಟರಲ್ಲಿ ಕಿಟ್ಟಿ ಹಾರ್ನ್ ಹೊಡೆದ. ಮಕ್ಕಳೆಲ್ಲ ಕೂಗಿಕೊಂಡವು.

"ಆತು ತಗೋಪಾ," ಅಂದು ಫಕೀರೇಶ ನಟ್ಟು ಬಿಗಿದು, ಸೀಟು ಮುಚ್ಚಿ, ಎದ್ದುಬಂದ.

ಆಯುಧಪೂಜೆಯ ದಿನ. ಆರ್‌ಪಿಸಿ ಲೇಔಟಿನ ಆ ಬೀದಿಯಲ್ಲಿ ಸೈಕಲ್ಲಿನಿಂದ ಹಿಡಿದು ನೀರಿನ ಟ್ಯಾಂಕರಿನ ತನಕ ಎಲ್ಲದಕ್ಕೂ ಬಾಳೆಕಂದು ಕಟ್ಟಿತ್ತು. ಕಿಟ್ಟಿಯದು ಸ್ಕೂಲ್ ವ್ಯಾನು. ಪೂಜೆಯಾದ ಮೇಲೆ ಬೀದಿಯ ಮಕ್ಕಳನ್ನು ತುಂಬಿಕೊಂಡು ಕೆಂಗೇರಿ ತನಕ ಒಂದು ರೌಂಡ್ ಹೊಡೆಸಿ ತರುವುದು ಅವನು ಪ್ರತಿವರ್ಷ ಮಾಡಿಕೊಂಡು ಬಂದದ್ದು. ಈ ವರ್ಷ ಹೊಸ ಬೇಸ್ ಬಾಕ್ಸು ಬೇರೆ. ಫಕೀರೇಶನ ಮಗಳು ಚೇತನಾ ಎಲ್ಲರಿಗಿಂತ ಮೊದಲು ಹತ್ತಿ ಹಿಂದಿನ ಸೀಟಿನ ಮೂಲೆ ಹಿಡಿದಿದ್ದಳು.

"ಆಂಟಿ, ನಿಮ್ಮ ಮಗಳನ್ನ ವಾಪಸ್ ಕೊಡಲ್ಲ, ನಾನೇ ಸಾಕ್ಕೋತೀನಿ," ಅಂದ ಕಿಟ್ಟಿ.

"ಸಾಕ್ಕೋರಿ. ಮುಂಜಾನೆ ಎಬ್ಬಿಸಿದರ ಗೊತ್ತಾಗ್ತೈತಿ," ಅಂದಳು ವಿಜಯಶ್ರೀ.

ಚಕ್ರದ ಕೆಳಗೆ ನಿಂಬೆಹಣ್ಣು ಪಚ್ಚೆಂದವು. ಬೇಸು ಹೊಡೆದ ಏಟಿಗೆ ಫಕೀರೇಶನ ಕಾರ್ ಸ್ಟೀರಿಯೋ ಅಂಗಡಿಯ ಶಟರು ಗಡಗಡ ಅಂದಿತು. ವ್ಯಾನು ತಿರುವಿನಲ್ಲಿ ಮರೆಯಾಯಿತು.

ಫಕೀರೇಶ ಸಾಮಾನು ಎತ್ತಿಡಲು ಒಳಗೆ ಬಂದ. ಶೆಲ್ಫಿನ ಮೇಲೆ ಹೂವಿನ ಬುಟ್ಟಿ ಮುಚ್ಚಿದ್ದ ಟವೆಲು ಬಿದ್ದಿತ್ತು. ಅದನ್ನು ಎಳೆದ. ಕೆಳಗೆ ಒಂದು ಕೆಪ್ಯಾಸಿಟರು ನಿಂತಿತ್ತು. ವೈರು ಬಿಗಿಯುವ ಅದರ ಎರಡು ಬುಡ್ಡಿಗಳಲ್ಲಿ ಒಂದರ ಮೇಲೆ ಹೆಂಡತಿಯ ಉಗುರುಬಣ್ಣದ ಕೆಂಪು ಚುಕ್ಕೆ.

ಆ ಚುಕ್ಕೆ ಅವನೇ ಇಟ್ಟದ್ದು. ಎಸ್‌ಪಿ ರೋಡಿನಿಂದ ತರುವ ಅಗ್ಗದ ಡಬ್ಬಿಗಳ ಮೇಲೆ ಪ್ಲಸ್ಸು ಮೈನಸ್ಸಿನ ಗುರುತು ಕೈಬೆವರಿಗೇ ಅಳಿಸಿಹೋಗುತ್ತಿತ್ತು. ಹಾಗಾಗಿ ಮೀಟರು ಹಿಡಿದು ನೋಡಿ ಪ್ಲಸ್ಸಿಗೆ ಉಗುರುಬಣ್ಣ ಹಚ್ಚಿಟ್ಟುಕೊಳ್ಳುವುದು ಅವನ ಪದ್ಧತಿ. ಕೆಂಪು ಕಂಡರೆ ಪ್ಲಸ್ಸು, ಯೋಚನೆಯೇ ಬೇಡ. ನಿನ್ನೆ ಸಂಜೆ ಹಚ್ಚಿದ್ದು ಒಂದೇ ಡಬ್ಬಿಗೆ. ಅದು ಇಲ್ಲಿದೆ.

ಹಾಗಾದರೆ ಈಗಷ್ಟೇ ಪ್ಲಸ್ಸು ಅಂತ ನೋಡಿ ವ್ಯಾನಿನಲ್ಲಿ ಕೂರಿಸಿದ ಡಬ್ಬಿಯ ಮೇಲಿದ್ದ ಕೆಂಪು?

ಅವನು ಹೊರಗೆ ಬಂದ. ವಿಜಯಶ್ರೀ ಒಡೆದ ಕುಂಬಳಕಾಯಿ ಗುಡಿಸುತ್ತಿದ್ದಳು.

"ಈ ಡಬ್ಬಿ ಜೋಡಿ ಇನ್ನೊಂದಿತ್ತಲ್ಲ. ಅದಕ್ಕ ಕುಂಕುಮ ಹಚ್ಚೀದಿ ಏನು?"

"ಎಲ್ಲಾಕ್ಕೂ ಹಚ್ಚೀನಿ. ಡ್ರಿಲ್ಲಿಗೆ ಹಚ್ಚೀನಿ, ಇಕ್ಕಳಕ್ಕ ಹಚ್ಚೀನಿ, ನಿಮ್ಮ ಸ್ಟೂಲಿಗೂ ಹಚ್ಚೀನಿ. ಬೇಕಾದ್ರ ಪ್ಯಾಂಟಿನ ಹಿಂದ ನೋಡ್ಕೋರಿ."

"ಯಾವ ಬುಡ್ಡಿಗೆ?"

"ಯಾವ ಬುಡ್ಡಿ ಅಂದ್ರ?" ಅಂದವಳು ಅವನ ಮುಖ ನೋಡಿ ಪೊರಕೆ ನಿಲ್ಲಿಸಿದಳು. "ಎರಡಿದ್ದು. ಒಂದಕ್ಕ ಹಚ್ಚೀನಿ. ಯಾವುದಂತ ನೆನಪಿಲ್ರಿ. ಯಾಕ, ಏನಾಗತೈತಿ?"

ಫಕೀರೇಶ ವ್ಯಾನು ಹೋದ ತಿರುವಿನ ಕಡೆ ನೋಡಿದ. ಸುಂಕದಕಟ್ಟೆಯಲ್ಲಿ ಇದೇ ಕೆಲಸ ಮಾಡುವ ಸೋಮಲಿಂಗಪ್ಪ ಒಂದು ಸಲ ಹೀಗೇ ಪ್ಲಸ್ಸು ಮೈನಸ್ಸು ಅದಲುಬದಲು ಕೊಟ್ಟಿದ್ದ. ಡಬ್ಬಿ ಕಾದು, ಉಬ್ಬಿ, ಮುಚ್ಚಳ ಹಾರಿ ಮೇಲಿನ ತಗಡಿಗೆ ಬಡಿದಿತ್ತು. ಆ ತಗಡಿನಲ್ಲಿ ತಗ್ಗು ಇನ್ನೂ ಇದೆ. ಹೋದವರಿಗೆಲ್ಲ ಸೋಮಲಿಂಗಪ್ಪ ಅದನ್ನು ತೋರಿಸಿ ನಗುತ್ತಾನೆ. ನಗಬಹುದು, ಅಲ್ಲಿ ಮಗ್ಗುಲಲ್ಲಿ ಬೇರೇನೂ ಇರಲಿಲ್ಲ.

ಕಿಟ್ಟಿಯ ಓಮ್ನಿ ಓಡುತ್ತಿದ್ದದ್ದು ಅಡುಗೆ ಗ್ಯಾಸಿನಲ್ಲಿ. ಆಗ ಹಾಗೆ ಓಡುವ ವ್ಯಾನುಗಳು ಬಹಳ. ಎಲ್ಲರಿಗೂ ಗೊತ್ತಿತ್ತು, ಯಾರೂ ಮಾತಾಡುತ್ತಿರಲಿಲ್ಲ. ಸಿಲಿಂಡರು ಹಿಂದಿನ ಸೀಟಿನ ಕೆಳಗೆ. ಜಾಗ ಇಲ್ಲದ್ದಕ್ಕೆ ಕೆಪ್ಯಾಸಿಟರನ್ನೂ ಅದಕ್ಕೆ ಒತ್ತಿಯೇ ಕೂರಿಸಿದ್ದ.

ಮೊಬೈಲು ತೆಗೆದು ಕಿಟ್ಟಿಗೆ ಹಚ್ಚಿದ. ರಿಂಗಾಯಿತು. ರಿಂಗಾಗುತ್ತಲೇ ಇತ್ತು. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಸದ್ದು ಕೂರಿಸಿದವನು ತಾನೇ.

"ಚೇತನಾ ಹಿಂದ ಕುಂತಾಳ," ಅಂದಳು ವಿಜಯಶ್ರೀ. ಅವಳಿಗೆ ಯಾರೂ ಏನೂ ಹೇಳಿರಲಿಲ್ಲ.

"ನೀ ಫೋನ್ ಹಚ್ಚತಾನ ಇರು. ಎತ್ತಿದರ, ಗಾಡಿ ನಿಲ್ಲಿಸಿ ಎಲ್ಲಾರೂ ದೂರ ಹೋಗ್ರಿ ಅನ್ನು." ಮೊಬೈಲನ್ನು ಅವಳ ಕೈಗೆ ಕೊಟ್ಟು ಟಿವಿಎಸ್ ಹತ್ತಿದ. ಅದಕ್ಕೂ ಹಾರ ಹಾಕಿತ್ತು, ಕಿತ್ತು ಬಿಸಾಕಿದ.

ಅತ್ತಿಗುಪ್ಪೆ ದಾಟುವ ಹೊತ್ತಿಗೆ ಅವನಿಗೆ ತಿಳಿಯಿತು, ಫೋನು ಅವಳ ಹತ್ತಿರ ಬಿಟ್ಟು ಬಂದದ್ದು ತಪ್ಪಾಯಿತು ಅಂತ. ಕಿಟ್ಟಿ ಎತ್ತಿದ್ದರೂ ಇವನಿಗೆ ಗೊತ್ತಾಗುವಂತಿಲ್ಲ, ಎತ್ತದಿದ್ದರೂ ಇಲ್ಲ.

ರಸ್ತೆಯ ತುಂಬ ಕುಂಬಳಕಾಯಿ ಹೋಳು. ಟಿವಿಎಸ್ ಎರಡು ಸಲ ಜಾರಿತು. ಅವನು ಬಲ್ಬನ್ನು ನೆನಪು ಮಾಡಿಕೊಳ್ಳುತ್ತಿದ್ದ. ಆರಿತ್ತಾ? ಆರಿತ್ತು. ಇಲ್ಲ, ಒಳಗಿನ ತಂತಿ ಸಣ್ಣಗೆ ಕೆಂಪಗಿತ್ತು. ಪ್ಲಸ್ಸು ಮೈನಸ್ಸು ಅದಲುಬದಲು ಆಗಿದ್ದರೆ ಬಲ್ಬು ಪೂರ್ತಿ ಆರುವುದಿಲ್ಲ, ಅದು ಅವನಿಗೆ ಚೆನ್ನಾಗಿ ಗೊತ್ತು. ನೆನೆದಷ್ಟೂ ಒಂದು ಸಲ ಆರಿದ ಬಲ್ಬು ಕಾಣುತ್ತದೆ, ಒಂದು ಸಲ ಕೆಂಪಗಿನ ತಂತಿ. ಯಾವುದು ಕಂಡದ್ದು, ಯಾವುದು ಹೆದರಿಕೆ, ತಿಳಿಯದಾಯಿತು.

ನಾಯಂಡಹಳ್ಳಿಯಲ್ಲಿ ಢಂ ಅಂತ ಸದ್ದಾಯಿತು. ಅವನ ಕೈ ಬ್ರೇಕಿನ ಮೇಲೆ ಬಿಗಿಯಿತು, ಕಾಲು ನೆಲಕ್ಕೆ ಬಂತು. ಮುಂದೆ ಹೊಗೆ. ಆ ಹೊಗೆಯೊಳಗಿಂದ ಒಬ್ಬ ಲಾರಿಯವನು ನಗುತ್ತಾ ಈಚೆ ಬಂದ, ಕೈಯಲ್ಲಿ ಇನ್ನೊಂದು ಪಟಾಕಿ. "ಹಬ್ಬ ಕಣಣ್ಣ, ಯಾಕ್ ಹಂಗ್ ನೋಡ್ತೀಯ," ಅಂದ. ಫಕೀರೇಶ ಅವನನ್ನು ಬಳಸಿಕೊಂಡು ಟಿವಿಎಸ್ ಮುಂದಕ್ಕೆ ಬಿಟ್ಟ.

ಮೈಸೂರು ರೋಡಿನಲ್ಲಿ ಹೋಗುವ ಪ್ರತಿ ಗಾಡಿಯಲ್ಲೂ ಹಾಡು. ಪ್ರತಿ ಬಿಳಿ ಓಮ್ನಿಗೂ ಬಾಳೆಕಂದು. ಒಂದೊಂದನ್ನೂ ಬೆನ್ನಟ್ಟಿ, ಕಿಟಕಿಯಲ್ಲಿ ಇಣುಕಿ, ಬೈಸಿಕೊಂಡು ಮುಂದೆ ಹೋದ.

ವ್ಯಾನು ಸಿಕ್ಕಿದ್ದು ಕೆಂಗೇರಿಗೆ ಸ್ವಲ್ಪ ಇರುವಾಗ, ಹೊಂಗೆ ಮರದ ಪಕ್ಕ. ಕಬ್ಬಿನ ಹಾಲಿನ ಗಾಡಿಯ ಸುತ್ತ ಮಕ್ಕಳು ಲೋಟ ಹಿಡಿದು ನಿಂತಿದ್ದವು. ಕಿಟ್ಟಿ ನಿಂಬೆಹಣ್ಣು ಜಾಸ್ತಿ ಹಿಂಡಿಸುತ್ತಿದ್ದ. ವ್ಯಾನಿನ ಹಾಡು ನಿಂತಿರಲಿಲ್ಲ, ಗಾಜುಗಳು ಗುಂಯ್‌ಗುಡುತ್ತಿದ್ದವು. ಫಕೀರೇಶ ಮಕ್ಕಳನ್ನು ಕಣ್ಣಲ್ಲೇ ಹುಡುಕಿದ. ಚೇತನಾ ಇರಲಿಲ್ಲ.

ಅವಳು ಒಳಗಿದ್ದಳು. ಹಿಂದಿನ ಸೀಟಿನ ಮೂಲೆಯಲ್ಲಿ, ಕಾಲು ಮೇಲೆಳೆದುಕೊಂಡು, ಜಾಗ ಬೇರೆ ಯಾರ ಪಾಲಾಗದಂತೆ ಕೂತಿದ್ದಳು.

ಅವನು ಬಾಗಿಲು ಸರಿಸಿ, ಎರಡೂ ಕಂಕುಳಿಗೆ ಕೈ ಕೊಟ್ಟು ಅವಳನ್ನು ಎತ್ತಿಕೊಂಡ.

"ಅಪ್ಪಾ, ಸೀಟು ಸುಡತೈತಿ," ಅಂದಳು ಅವಳು, ದೂರು ಹೇಳುವವಳ ಹಾಗೆ. "ಮೀನಿನ ವಾಸನಿ ಬರತೈತಿ. ಕಿಟ್ಟಿ ಅಂಕಲ್ ಬಿಸಿಲಿಗೆ ಅಂದ್ರು."

ಅವಳನ್ನು ಕಬ್ಬಿನ ಗಾಡಿಯ ಆಚೆ ಇಳಿಸಿದ.

"ಏನ್ ಗುರು ಇಲ್ಲೀ ತಂಕ?" ಕಿಟ್ಟಿ ಲೋಟ ಹಿಡಿದೇ ಬಂದ. "ಒಳ್ಳೇದಾಯ್ತು ಬಂದಿದ್ದು. ನಿನ್ ಡಬ್ಬಿ ವೇಸ್ಟು ಮಚ್ಚಾ, ಮೀಟರ್ ಲೈಟು ಇನ್ನೂ ಡಿಮ್ ಹೊಡೀತೈತೆ."

"ಹುಡುಗರನ್ನ ಕರ್ಕೊಂಡು ಆ ಗೋಡಿ ಹಿಂದ ಹೋಗು."

"ಯಾಕೆ, ಏನ್..."

"ಹೋಗಪಾ. ಅಲ್ಲಿಂದ ಕೇಳು."

ಕಿಟ್ಟಿ ಅವನ ಮುಖ ನೋಡಿ ಲೋಟ ಕೆಳಗಿಟ್ಟ.

ಫಕೀರೇಶ ಮುಂದಿನ ಸೀಟಿನ ಕೆಳಗೆ ಕೈ ಹಾಕಿ ಫ್ಯೂಸು ಕಿತ್ತ. ಹಾಡು ಅರ್ಧಕ್ಕೆ ನಿಂತಿತು. ಆಮೇಲೆ ಹಿಂದೆ ಹೋಗಿ ಸೀಟು ಎತ್ತಿದ. ಚಪ್ಪಟೆ ಇರಬೇಕಾದ ಡಬ್ಬಿಯ ತಲೆ ಪೂರಿಯ ಹಾಗೆ ಉಬ್ಬಿತ್ತು. ಬುಡದಲ್ಲಿ ಜಿನುಗಿದ, ಮೀನಿನ ವಾಸನೆಯ ಎಣ್ಣೆಯಂಥದ್ದು ಸಿಲಿಂಡರಿನ ಮೈಗೂ ಹತ್ತಿತ್ತು. ಬುಡ್ಡಿಯ ಮೇಲೆ ಕುಂಕುಮ ಕಾದು ಕಪ್ಪಗಾಗಿತ್ತು.

ಸ್ಪ್ಯಾನರು ನಟ್ಟಿನ ಮೇಲೆ ನಿಲ್ಲಲಿಲ್ಲ. ಎರಡು ಸಲ ಜಾರಿತು. ಅದನ್ನು ಪ್ಯಾಂಟಿಗೆ ಒರೆಸಿ ಮತ್ತೆ ಹಾಕಿ ಬಿಚ್ಚಿದ. ಅಂಗಿ ಕಳಚಿ ಡಬ್ಬಿಗೆ ಸುತ್ತಿ, ತುಂಬಿದ ಗಿಂಡಿ ಹಿಡಿದವನಂತೆ ನಡೆದು, ರಸ್ತೆಯಾಚೆಯ ಖಾಲಿ ಸೈಟಿನ ನಡುವೆ ಇಟ್ಟ. ಕಿತ್ತರೂ ಒಳಗೆ ಕರೆಂಟು ಉಳಿದಿರುತ್ತದೆ, ಈಗ ಬಲ್ಬು ಪೂರ್ತಿ ಆರಿದರೆ ಡಬ್ಬಿ ಖಾಲಿಯಾಯಿತು ಅಂತ. ಜೇಬಿನಿಂದ ಬಲ್ಬು ತೆಗೆದು ಎರಡು ಬುಡ್ಡಿಗಳಿಗೆ ವೈರು ತಾಗಿಸಿದ.

ಬಲ್ಬು ಮಂಕಾಗಿ ಹತ್ತಿಕೊಂಡಿತು. ಅವನು ಕುಕ್ಕರುಗಾಲಲ್ಲಿ ಕೂತು ಕಾದ. ಗೋಡೆಯ ಹಿಂದಿನಿಂದ ಕಿಟ್ಟಿಯ ಮೊಬೈಲು ರಿಂಗಾಗುತ್ತಿತ್ತು. ಈಗ ಅದು ಇಲ್ಲಿಯ ತನಕ ಕೇಳುತ್ತಿತ್ತು.

"ಆಂಟಿ... ಹೂಂ ಆಂಟಿ, ಇಲ್ಲೇ ಅವ್ನೆ. ಹೂಂ, ಅವಳೂ," ಅನ್ನುತ್ತಿದ್ದ ಕಿಟ್ಟಿ.

ತುಂಬ ಹೊತ್ತಾದ ಮೇಲೆ ಡಬ್ಬಿಯ ಬಿಸಿ ಬರಿಗೈಯಲ್ಲಿ ಮುಟ್ಟುವಷ್ಟಾಯಿತು. ಹಿಂದೆ ಹೆಜ್ಜೆ ಸದ್ದು. ಬರಬೇಡ ಅಂದಿದ್ದರೂ ಚೇತನಾ ಬಂದು ಅವನ ಬರಿ ಬೆನ್ನಿಗೆ ಒರಗಿ ನಿಂತಳು.

"ಆರಿತಲ್ಲಪ್ಪಾ. ನಡೀ."

ಫಕೀರೇಶ ಏಳಲಿಲ್ಲ. ಎರಡೂ ಅಂಗೈ ಜೋಡಿಸಿ ಬಲ್ಬಿನ ಸುತ್ತ ಬಿಸಿಲಿಗೆ ಮರೆ ಮಾಡಿದ. ಮಗಳು ಅವನ ಭುಜದ ಮೇಲಿಂದ ಬಗ್ಗಿ, ಕೈಗಳ ನಡುವಿನ ಕತ್ತಲೆಯೊಳಗೆ ಒಂದು ಕಣ್ಣಿಟ್ಟು ನೋಡಿದಳು.

"ಇನ್ನೂ ಐತಿ," ಅಂದಳು. "ಸಣ್ಣಗ."

ಅವನು ಕೈ ತೆಗೆಯಲಿಲ್ಲ.