ಮಾರಿಹೋದ ಬಂದೂಕು

ಸುಲೋಚನಾಳ ಕೋಪ ಭುಗಿಲೆಂದು ಹತ್ತಿ ಆರಿಹೋಗುವ ಜಾತಿಯದಲ್ಲ, ಸಣ್ಣ ಉರಿಯಲ್ಲಿಟ್ಟು ಬೇಯಿಸುವ ಜಾತಿಯದು. ಹರಿಣಾಕ್ಷಿಯ ಮೇಲಿನ ಸಿಟ್ಟನ್ನು ಅವಳು ಏಳು ತಿಂಗಳು ಹಾಗೆ ಬೇಯಿಸಿದಳು. ಒಂದು ದಿನವೂ ತಳ ಹತ್ತಲು ಬಿಡಲಿಲ್ಲ.

ಮಂಡ್ಯದ ಸುಲೋಚನಾ, ಮಂಗಳೂರಿನ ಹರಿಣಾಕ್ಷಿ ಇಬ್ಬರೂ ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಎನ್‌ಸಿಸಿಯಲ್ಲಿ ಒಟ್ಟಿಗೆ ಗುರಿ ಹೊಡೆಯಲು ಕಲಿತವರು. ಸುಲೋಚನಾಳ ಅಪ್ಪ ಮಗಳಿಗೆ ಕೊಡಿಸಿದ್ದ ಒಂದು ಜರ್ಮನ್ ಏರ್‌ಗನ್ನಿನಲ್ಲೇ ಇಬ್ಬರೂ ಸರದಿಯ ಮೇಲೆ ಅಭ್ಯಾಸ ಮಾಡುತ್ತಿದ್ದರು. ಆಮೇಲೆ ಹರಿಣಾಕ್ಷಿ ಎಂಜಿನಿಯರಾಗಿ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಸೇರಿದಳು. ಸುಲೋಚನಾ ಸರ್ಕಾರಿ ಬ್ಯಾಂಕು ಸೇರಿ ಊರೂರು ಸುತ್ತಿ, ಎಂಬತ್ತೆಂಟರಲ್ಲಿ ವಿಜಯವಾಡಕ್ಕೆ ವರ್ಗವಾಗಿ ಬಂದಳು.

ತೆಲುಗು ಕಲಿಯುವುದರಲ್ಲಿ ಅವಳದೊಂದು ಅಡ್ಡದಾರಿ ಇತ್ತು. ಕನ್ನಡದ ಹಾಗೆ ಕೇಳಿಸಿದ್ದನ್ನೆಲ್ಲ ಕನ್ನಡ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದು, ಉಳಿದದ್ದಕ್ಕೆ ತಲೆ ಆಡಿಸುವುದು. ಹತ್ತರಲ್ಲಿ ಎಂಟು ಸಲ ಅದು ಸರಿಹೋಗುತ್ತಿತ್ತು. ಹಾಗಾಗಿ ಉಳಿದ ಎರಡರ ಬಗ್ಗೆ ಅವಳಿಗೆ ಅನುಮಾನವೇ ಬರಲಿಲ್ಲ.

ಮರುವರ್ಷ ಜುಲೈಯಲ್ಲಿ ಹರಿಣಾಕ್ಷಿ ಆಫೀಸಿನ ಕೆಲಸಕ್ಕೆ ವಿಜಯವಾಡಕ್ಕೆ ಬಂದಳು. ಸುಲೋಚನಾಳ ಅಪ್ಪ ಕೊಡಿಸಿದ್ದ ಏರ್‌ಗನ್ನಿನ ಸ್ಪ್ರಿಂಗು ಸತ್ತಿತ್ತು, ಗುಂಡು ಹತ್ತು ಮೀಟರ್ ತಲುಪುವಷ್ಟರಲ್ಲಿ ಸುಸ್ತಾಗುತ್ತಿತ್ತು. "ನಮ್ಮ ವೈಜಾಗಿನಲ್ಲಿ ಒಳ್ಳೆ ರಿಪೇರಿಯವನಿದ್ದಾನೆ, ಕೊಡು ಮಾರಾಯ್ತಿ," ಅಂತ ಹರಿಣಾಕ್ಷಿ ತಾನೇ ಬಾಯಿ ಬಿಟ್ಟು ಕೇಳಿ, ಬಂದೂಕನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದಳು.

ಎರಡು ತಿಂಗಳಾದರೂ ಸುದ್ದಿಯಿಲ್ಲ. ಸುಲೋಚನಾ ಬ್ಯಾಂಕಿನಿಂದಲೇ, ಹರಿಣಾಕ್ಷಿ ಬರೆದುಕೊಟ್ಟಿದ್ದ ನಂಬರಿಗೆ, ರಿಪೇರಿ ಅಂಗಡಿಗೆ ಫೋನು ಮಾಡಿದಳು. ಎತ್ತಿದವಳು ರಿಪೇರಿಯವನ ಹೆಂಡತಿ ಲಕ್ಷ್ಮೀಕಾಂತಮ್ಮ. ಆಕೆ ಬಹಳ ಖುಷಿಯಿಂದ ಹೇಳಿದಳು: "ಮೀ ತುಪಾಕಿ ಪೂರ್ತಿಗಾ ಮಾರಿಪೋಯಿಂದಮ್ಮಾ. ಹರಿಣಾಕ್ಷಿಗಾರೇ ದಗ್ಗರುಂಡಿ ಚೇಯಿಂಚಾರು."

ತುಪಾಕಿ ಅಂದರೆ ಬಂದೂಕು. ಅದು ಪೂರ್ತಿ ಮಾರಿಹೋಯಿತು. ಹರಿಣಾಕ್ಷಿಯೇ ಹತ್ತಿರ ನಿಂತು ಮಾಡಿಸಿದಳು. ಇದರಲ್ಲಿ ಅರ್ಥವಾಗದ್ದು ಏನಿದೆ? ಸುಲೋಚನಾ ಫೋನು ಇಟ್ಟಳು.

ಆದರೂ ಒಂದು ಅವಕಾಶ ಕೊಡೋಣವೆಂದು ಹರಿಣಾಕ್ಷಿಗೆ ಕಾಗದ ಬರೆದಳು: ನನ್ನ ಬಂದೂಕು ಎಲ್ಲಿ? ವಾರದಲ್ಲಿ ಕಾರ್ಡು ಬಂತು. "ನಿನ್ನ ಆ ಹಳೆ ಬಂದೂಕಿನ ಕಥೆ ಮುಗಿಯಿತು, ಅದನ್ನು ಮರೆತುಬಿಡು. ಏಪ್ರಿಲಿನಲ್ಲಿ ಮ್ಯಾಚಿಗೆ ಬರ್ತೀಯಲ್ಲ, ಎದುರಿಗೇ ಹೇಳ್ತೇನೆ." ಕೊನೆಗೊಂದು ನಗುವ ಮುಖದ ಚಿತ್ರ ಬೇರೆ. ಆ ಮುಖ ನೋಡಿ ಸುಲೋಚನಾಳಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಮತ್ತೆ ಅವಳು ಕಾಗದ ಬರೆಯಲಿಲ್ಲ.

ಏಪ್ರಿಲಿನ ಮ್ಯಾಚೆಂದರೆ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಟೌನ್‌ಶಿಪ್ಪಿನ ಶೂಟಿಂಗ್ ಕ್ಲಬ್ಬಿನಲ್ಲಿ ನಡೆಯುವ ಆಯ್ಕೆ. ಸರ್ಕಾರಿ ಉದ್ಯಮಗಳ ಅಖಿಲ ಭಾರತ ಪಂದ್ಯಕ್ಕೆ ಅಲ್ಲಿಂದ ಹೆಂಗಸರಲ್ಲಿ ಒಬ್ಬಳು ಮಾತ್ರ ಹೋಗಬಹುದು. ಹರಿಣಾಕ್ಷಿ ಆರು ವರ್ಷದಿಂದ ಪ್ರತಿಸಲ ಒಂದೆರಡು ಅಂಕದಲ್ಲಿ ಅದನ್ನು ಕಳೆದುಕೊಳ್ಳುತ್ತಿದ್ದಳು. ಮೂವತ್ತೈದು ದಾಟಿದವರಿಗೆ ಅವಕಾಶವಿಲ್ಲ, ಅವಳಿಗೆ ಇದೇ ಕೊನೆಯ ಏಪ್ರಿಲ್. ಆ ಜಾಗ ಅವಳಿಗೆ ಸಿಗಕೂಡದು, ಅದನ್ನು ತಾನೇ ಅವಳ ಕಣ್ಣೆದುರು ಕಿತ್ತುಕೊಳ್ಳಬೇಕು ಅಂತ ಸುಲೋಚನಾ ನಿಶ್ಚಯಿಸಿದಳು.

ವಿಜಯವಾಡದಲ್ಲಿ ಸಿಕ್ಕಿದ್ದು ಒಂದು ಅಗ್ಗದ ದೇಶಿ ಏರ್‌ಗನ್. ಅದನ್ನು ಆಟೋನಗರದ ಒಬ್ಬ ಲೇತ್ ಮೇಸ್ತ್ರಿಯ ಮುಂದಿಟ್ಟು, ಇರುವುದರಲ್ಲೇ ಅತಿ ಬಲವಾದ ಸ್ಪ್ರಿಂಗು ಹಾಕಿಕೊಡು ಅಂದಳು. ಸೇಡು ತೀರಿಸಿಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಅದನ್ನೇ. ಮೇಸ್ತ್ರಿ ಹಾಕಿಕೊಟ್ಟ. ಬಂದೂಕು ಭುಜಕ್ಕೆ ಗುದ್ದಿತು, ಗುಂಡುಗಳು ಗುರಿಯ ಕಾರ್ಡಿನ ನಾಲ್ಕು ಮೂಲೆಗೂ ಚದುರಿದವು.

"ಮೀಕು ಕೋಪಂ ಉಂದಿ. ತುಪಾಕಿಕಿ ಕೋಪಂ ಎಂದುಕಮ್ಮಾ?" ಅಂದ ಮೇಸ್ತ್ರಿ. ನಿಮಗೆ ಕೋಪ ಇದೆ ಸರಿ, ಬಂದೂಕಿಗೆ ಯಾಕೆ ಕೋಪ? ಈ ಮಾತು ಅವಳಿಗೆ ಸರಿಯಾಗಿಯೇ ಅರ್ಥವಾಯಿತು.

ಅವನು ಬಂದೂಕನ್ನು ಮೇಜಿಗೆ ಜೋಡಿಸಿದ್ದ ವೈಸಿನ ಉಕ್ಕಿನ ದವಡೆಗೆ ಸಿಕ್ಕಿಸಿ ಬಿಗಿದು, ಐದು ಗುಂಡು ಹೊಡೆದು ತೋರಿಸಿದ. ಕೈ ಮುಟ್ಟದೆಯೂ ಗುಂಡು ಚದುರಿದರೆ ತಪ್ಪು ಬಂದೂಕಿನದು, ಒಂದೇ ಕಡೆ ಬಿದ್ದರೆ ತಪ್ಪು ನಿಮ್ಮದು ಅಂದ. ಯಾವುದು ಯಾರ ತಪ್ಪು ಅಂತ ಗೊತ್ತಾಗದೆ ಏನನ್ನೂ ಬದಲಾಯಿಸಬಾರದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು, ಇಲ್ಲದಿದ್ದರೆ ಗುಣವಾದದ್ದು ಯಾವ ಮದ್ದಿನಿಂದ ಅಂತ ತಿಳಿಯುವುದಿಲ್ಲ. ಈ ಮಾತನ್ನು ಸುಲೋಚನಾ ಸ್ಪ್ರಿಂಗಿನ ವಿಷಯದಲ್ಲಿ ಮಾತ್ರ ಕೇಳಿಸಿಕೊಂಡಳು. ನಮ್ಮ ಹೆಂಗಸು ಅದನ್ನು ಇನ್ನೊಂದು ಕಡೆಗೂ ಅನ್ವಯಿಸಿಕೊಂಡಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಬಲವಾದ ಸ್ಪ್ರಿಂಗು ಹೋಗಿ ಹದವಾದದ್ದು ಬಂತು, ಅದರ ಎರಡೂ ತುದಿಯನ್ನು ಚಪ್ಪಟೆಯಾಗಿ ಉಜ್ಜಿದರು. ಪಿಸ್ಟನ್ನಿನ ಚರ್ಮದ ವಾಷರನ್ನು ಎಣ್ಣೆಯಲ್ಲಿ ನೆನೆಸಿ ಹೊಸದು ಕೂರಿಸಿದರು. ಎಣ್ಣೆ ಹೆಚ್ಚಾದ ದಿನ ಬಂದೂಕು ಹೊಗೆಯುಗುಳಿ ಪಟಾಕಿಯಂತೆ ಸಿಡಿಯಿತು, ಒರೆಸಿ ಮತ್ತೆ ಶುರುಮಾಡಿದರು. ಗಾಳಿ ಸೋರುತ್ತಿದ್ದ ನಳಿಗೆಯ ಬುಡಕ್ಕೆ ಬೇರೆ ವಾಷರು ಬಂತು. ಟ್ರಿಗರಿನ ಕೊಂಡಿಯನ್ನು ಮೇಸ್ತ್ರಿ ಮೂರು ದಿನ ಉಜ್ಜಿದ, ಕೊನೆಗೆ ಅದು ಉಸಿರು ಬಿಟ್ಟಷ್ಟು ಸುಲಭವಾಗಿ ಜಾರಿತು. ಮುಂದಿನ ಸಂಬಳದಲ್ಲಿ ತೂತಿನ ಮೂಲಕ ನೋಡುವ ಹೊಸ ಗುರಿಕಣ್ಣು ತರಿಸಿದಳು. ಸೀಸದ ಗುಂಡುಗಳನ್ನು ಬ್ಯಾಂಕಿನಲ್ಲಿ ಒಡವೆ ಸಾಲಕ್ಕೆ ಚಿನ್ನ ತೂಗುವ ತಕ್ಕಡಿಯಲ್ಲಿ ಊಟದ ಬಿಡುವಿನಲ್ಲಿ ಒಂದೊಂದಾಗಿ ತೂಗಿ, ಸರಿತೂಕದವನ್ನೇ ಡಬ್ಬಿಗೆ ಹಾಕಿದಳು. ಚಿನ್ನ ಪರೀಕ್ಷಿಸಲು ಬರುತ್ತಿದ್ದ ಅಕ್ಕಸಾಲಿ ನಕ್ಕ. ನಗಲಿ.

ಸಂಜೆ ಮನೆಯ ಮಹಡಿಯ ಮೇಲೆ ಅಭ್ಯಾಸ. ಕಾರ್ಡಿನ ನಡುವಿನ ಕಪ್ಪು ಚುಕ್ಕೆಯನ್ನು ಅವಳು ಹರಿಣಾಕ್ಷಿಯ ಹಣೆಬೊಟ್ಟು ಅಂತಲೇ ಅಂದುಕೊಳ್ಳುತ್ತಿದ್ದಳು. ಮಾರ್ಚ್ ಬರುವಷ್ಟರಲ್ಲಿ ಆ ಬೊಟ್ಟು ಹತ್ತರಲ್ಲಿ ಒಂಬತ್ತು ಸಲ ಹರಿದುಹೋಗುತ್ತಿತ್ತು.

ಇಷ್ಟಕ್ಕೇ ನಿಂತಿದ್ದರೆ ಅದನ್ನು ಪಂದ್ಯ ಅನ್ನಬಹುದಿತ್ತು. ಗೆದ್ದರೆ ಸಾಲದು, ಎಲ್ಲರ ಮುಂದೆ ಅವಳ ಮುಖಕ್ಕೆ ಮಸಿ ಬಳಿಯಬೇಕು ಅನ್ನಿಸಿತು ಸುಲೋಚನಾಳಿಗೆ. ಕ್ಲಬ್ಬಿನಲ್ಲಿ ಒಂದು ನಿಯಮವಿತ್ತು. ಯಾರ ಮೇಲಾದರೂ ನಡತೆಯ ಬಗ್ಗೆ ಬರಹದಲ್ಲಿ ದೂರು ಬಂದರೆ ವಿಚಾರಣೆ ಮುಗಿಯುವವರೆಗೆ ಅವರು ಗುರಿ ಹಿಡಿಯುವ ಹಾಗಿಲ್ಲ. ಅವಳು ಒಂದು ಪುಟದ ದೂರು ಬರೆದು, ರುಜು ಹಾಕಿ, ಪರ್ಸಿನಲ್ಲಿಟ್ಟುಕೊಂಡು ಟೌನ್‌ಶಿಪ್ಪಿಗೆ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ಇಳಿದಳು.

ಕ್ಲಬ್ಬಿನ ಹಜಾರದ ಬಾಗಿಲಲ್ಲೇ ಹರಿಣಾಕ್ಷಿ ಸಿಕ್ಕಿದಳು. ಬೆಂಚಿನ ಕೆಳಗೆ ಎರಡು ಉದ್ದದ ಚೀಲ ಇಟ್ಟುಕೊಂಡಿದ್ದಳು. "ಎಂತ ಮಾರಾಯ್ತಿ, ಇಷ್ಟು ತೆಳ್ಳಗಾಗಿದ್ದೀ?" ಅಂತ ಕೈ ಚಾಚಿ ಬಂದಳು. ಸುಲೋಚನಾ ಅವಳನ್ನು ದಾಟಿಹೋಗಿ, ಕಾಗದವನ್ನು ಕ್ಲಬ್ಬಿನ ಕಾರ್ಯದರ್ಶಿ ಚಂದ್ರಮೌಳಿಯವರ ಕೈಗಿಟ್ಟಳು. ಅವರು ಶಿವಮೊಗ್ಗದ ಕಡೆಯವರು, ನಿಯಮವೆಂದರೆ ಪ್ರಾಣ. ಓದಿ, ಕನ್ನಡಕ ತೆಗೆದು, ಹಾಜರಿದ್ದ ಮೂವತ್ತು ಜನಕ್ಕೂ ಕೇಳುವಂತೆ ಹೇಳಿದರು: "ಹರಿಣಾಕ್ಷಿಯವರೇ, ನಂಬಿ ಕೊಟ್ಟ ಬಂದೂಕನ್ನು ನೀವು ಮಾರಿಕೊಂಡಿದ್ದೀರಿ ಅಂತ ದೂರಿದೆ. ಇವತ್ತು ನಿಮ್ಮ ಹೆಸರು ತೆಗೀಬೇಕಾಗುತ್ತೆ." ಅವರು ಪಟ್ಟಿ ತರಲು ಒಳಗೆ ಹೋದರು.

ಹರಿಣಾಕ್ಷಿಯ ಮುಖ ಬಿಳಿಚಿತು. ಸುಲೋಚನಾ ಏಳು ತಿಂಗಳು ಕಾದದ್ದು ಆ ಬಣ್ಣವನ್ನು ನೋಡಲಿಕ್ಕೆ.

"ಮಾರಿದೆ ಅಂತ ನಿನಗೆ ಹೇಳಿದ್ದು ಯಾರು?" ಹರಿಣಾಕ್ಷಿ ಮೆಲ್ಲಗೆ ಕೇಳಿದಳು.

"ಲಕ್ಷ್ಮೀಕಾಂತಮ್ಮ. ನನ್ನ ಕಿವಿಯಾರೆ ಕೇಳಿದ್ದೀನಿ. ಪೂರ್ತಿಗಾ ಮಾರಿಪೋಯಿಂದಿ, ನೀನೇ ಹತ್ತಿರ ನಿಂತು ಮಾಡಿಸಿದೆ ಅಂತ."

ಹರಿಣಾಕ್ಷಿ ಬಗ್ಗಿ ಬೆಂಚಿನ ಕೆಳಗಿನ ಒಂದು ಚೀಲವನ್ನು ಎಳೆದು, ಮತ್ತೆ ಒಳಕ್ಕೆ ತಳ್ಳಿದಳು. ಚಂದ್ರಮೌಳಿ ಹೊರಗೆ ಬಂದು, "ಏನಾದರೂ ಹೇಳೋದಿದೆಯಾ?" ಅಂದಾಗ, "ಈಗ ಎಂತದ್ದೂ ಇಲ್ಲ ಸಾರ್, ಪಂದ್ಯ ಮುಗಿಯಲಿ," ಅಂದು ಬೆಂಚಿನ ಮೇಲೆ ಕೂತಳು.

ಸುಲೋಚನಾ ಆ ದಿನ ಹೊಡೆದ ಹಾಗೆ ಜೀವನದಲ್ಲಿ ಹೊಡೆದಿರಲಿಲ್ಲ. ಅಗ್ಗದ ಬಂದೂಕು ಅವಳ ಮಾತು ಕೇಳಿತು. ನಲವತ್ತು ಗುಂಡಿಗೆ ಮುನ್ನೂರ ಐವತ್ತೆರಡು, ಎರಡನೆಯವಳಿಗಿಂತ ಹನ್ನೊಂದು ಹೆಚ್ಚು. ಚಂದ್ರಮೌಳಿ ಅವಳ ಹೆಸರನ್ನು ತಂತಿಯಲ್ಲಿ ಕಳಿಸಿ ಬಂದರು. ಹೊಟ್ಟೆ ತಣ್ಣಗಾಯಿತು ಅಂದುಕೊಂಡಳು.

ಆಗ ಹರಿಣಾಕ್ಷಿ ಎದ್ದು ಬಂದು, ಎರಡರಲ್ಲೊಂದು ಚೀಲವನ್ನು ಅವಳ ಮುಂದಿಟ್ಟಳು. "ನಿಂದು. ತಗೋ."

ಒಳಗಿದ್ದದ್ದು ಅಪ್ಪನ ಬಂದೂಕು. ಗುರುತು ಹತ್ತಿದ್ದು ಉಕ್ಕಿನ ಮೇಲೆ ಕೊರೆದಿದ್ದ ನಂಬರಿನಿಂದ. ಉಳಿದದ್ದೆಲ್ಲ ಬೇರೆ: ಹೊಸ ನಳಿಗೆ, ಹೊಸ ಗುರಿಕಣ್ಣು, ಅಕ್ರೋಟಿನ ಮರದ ಹೊಸ ಹಿಡಿ.

"ಮಾರು ಅಂದರೆ ತೆಲುಗಿನಲ್ಲಿ ಬದಲಾಗು ಅಂತ," ಅಂದಳು ಹರಿಣಾಕ್ಷಿ. "ಮಾರಾಟಕ್ಕೆ ಅಮ್ಮು ಅಂತಾರೆ. ನಿನ್ನ ಬಂದೂಕು ಪೂರ್ತಿ ಬದಲಾಗಿಹೋಗಿದೆ ಅಂತ ಆಕೆ ಸಂತೋಷದಲ್ಲಿ ಹೇಳಿದ್ದು. ನಿನಗೆ ತೋರಿಸಿ ಚಕಿತಗೊಳಿಸುವ ಅಂತ ನಾನು ಬಾಯಿ ಮುಚ್ಚಿಕೊಂಡಿದ್ದೆ."

ಸುಲೋಚನಾ ಅವಳ ತೋಳು ಹಿಡಿದಳು. "ಬೆಳಿಗ್ಗೆನೇ ಯಾಕೆ ಹೇಳ್ಲಿಲ್ಲ ಕಣೇ? ದೂರು ಹರಿದುಹಾಕ್ತಿದ್ದೆ. ನೀನೇ ಹೋಗ್ತಿದ್ದೆ."

"ಹೇಳಿದ್ದರೆ ನೀನು ತಪ್ಪಾಯ್ತು ಅಂತಿದ್ದೆ, ನಾನು ಹೋಗಲಿ ಬಿಡು ಅಂತಿದ್ದೆ. ಹದಿನೈದು ವರ್ಷದ ಸ್ನೇಹಿತೆ, ಒಂದು ಸಲ ಎದುರು ನಿಂತು ಕೇಳದೆ ಕಳ್ಳಿ ಅಂತ ಬರೆದುಕೊಟ್ಟದ್ದನ್ನು ಹೋಗಲಿ ಬಿಡು ಅನ್ನಲಿಕ್ಕೆ ನನಗೆ ಮನಸ್ಸು ಬರಲಿಲ್ಲ."

ಸುಲೋಚನಾ ಚಂದ್ರಮೌಳಿಯವರ ಮೇಜಿನತ್ತ ಓಡಿದಳು. ದೂರು ಸುಳ್ಳು, ವಾಪಸ್ ಕೊಡಿ ಅಂದಳು. ತಂತಿ ಹೋಗಿಯಾಗಿದೆ, ಹೆಸರು ಬದಲಿಸಲು ಬರುವುದಿಲ್ಲ, ಕಾಗದ ಬೇಕಾದರೆ ಹಿಂದಕ್ಕೆ ಕೊಡಬಹುದು ಅಂತ ಅವರು ಫೈಲು ಬಿಚ್ಚಿದರು.

"ಕೊಡಬೇಡಿ ಸಾರ್," ಹರಿಣಾಕ್ಷಿ ಹಿಂದಿನಿಂದ ಹೇಳಿದಳು. ದನಿ ಏರಿರಲಿಲ್ಲ. "ಹಾಗೇ ಫೈಲಿನಲ್ಲಿರಲಿ. ಕೆಳಗೆ ಅವಳ ರುಜು ಉಂಟು. ಇಲ್ಲಿಗೆ ಬಂದಾಗಲೆಲ್ಲ ಓದಿಕೊಳ್ಳಲಿ."

ಆಮೇಲೆ ಸುಲೋಚನಾಳ ಕಡೆ ತಿರುಗಿ, ಅಖಿಲ ಭಾರತ ಪಂದ್ಯಕ್ಕೆ ಹೋಗುವಾಗ ಈ ಹೊಸದನ್ನೇ ಒಯ್ಯು, ಗುರಿ ತುಂಬ ಚೆನ್ನಾಗಿ ಬರುತ್ತದೆ ಅಂದು, ತನ್ನ ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.