ಹಳದಿ ತ್ರಿಕೋನ

ಕಂಪ್ಯೂಟರಿನ ಮೂಲೆಯಲ್ಲಿ ಕೂರುವ ಪುಟ್ಟ ಚಿತ್ರಗಳನ್ನು ಬರೆಯುವುದು ಅವಳ ಕಸುಬು. ನೆಟ್‌ವರ್ಕ್ ಇದೆ, ಇಲ್ಲ, ಹುಡುಕುತ್ತಿದೆ, ಇದ್ದೂ ಇಲ್ಲದ ಹಾಗಿದೆ: ನಾಲ್ಕು ಸ್ಥಿತಿಗೆ ನಾಲ್ಕು ಚಿತ್ರ, ಒಂದೊಂದೂ ಕಿರುಬೆರಳ ಉಗುರಿನಷ್ಟು. ಕೊನೆಯದಕ್ಕೆ ಹಳದಿ ತ್ರಿಕೋನ ಬರೆದು ನಡುವೆ ಆಶ್ಚರ್ಯಸೂಚಕ ನಿಲ್ಲಿಸಿದ್ದಳು. ಎಲ್ಲರೂ ಭೇಷ್ ಅಂದಿದ್ದರು.

ಆರು ಅಂತಸ್ತಿನ ಒಂದು ವಿಮಾ ಕಚೇರಿ ಮಾತ್ರ ಆ ತ್ರಿಕೋನದ ಮೇಲೆ ದೂರು ಕೊಟ್ಟಿತು. ನೋಡಿ ಬರಲು ಅವಳೇ ಹೋಗಬೇಕಾಯಿತು.

ಅಲ್ಲಿ ಕಂಪ್ಯೂಟರ್ ರಿಪೇರಿಯವನಿಗೆ ಪ್ಲಗ್ಗಣ್ಣ ಎಂದೇ ಹೆಸರು. ಯಾರು ಕರೆದರೂ ಅವನ ಮೊದಲ ಮಾತು, "ಪ್ಲಗ್ಗು ಹಾಕಿದೀರಾ?" ಮೆಟ್ಟಿಲ ಕೆಳಗಿನ ಅವನ ಕೋಣೆಯಲ್ಲಿ ಫೋನು ಬಾಯಿ ಮುಚ್ಚುತ್ತಿರಲಿಲ್ಲ.

"ಹಳದಿ ಬಂದಿದೆ, ಬೇಗ ಬನ್ನಿ!"

ಇಬ್ಬರೂ ಏದುಸಿರು ಬಿಡುತ್ತ ಮೇಲೆ ಹೋಗುವಷ್ಟರಲ್ಲಿ ತ್ರಿಕೋನ ಮಾಯ. ಮಧ್ಯಾಹ್ನದೊಳಗೆ ಹತ್ತೊಂಬತ್ತು ಸಲ ಹತ್ತಿಳಿದರು. ಒಂದೇ ಒಂದು ಸಲ ನಿಜವಾಗಿ ತಂತಿ ಕಿತ್ತುಹೋಗಿತ್ತು.

"ಅರ್ಧ ನಿಮಿಷ ಬಿಟ್ರೆ ತಾನಾಗೇ ಸರಿಹೋಗತ್ತೆ ಮೇಡಂ. ಆದ್ರೆ ನಿಮ್ಮ ಚಿತ್ರ ನೋಡಿದೋರಿಗೆ ಮನೆಗೆ ಬೆಂಕಿ ಬಿದ್ದಂಗಾಗತ್ತೆ," ಎಂದ ಪ್ಲಗ್ಗಣ್ಣ, ಮಂಡಿ ನೀವಿಕೊಳ್ಳುತ್ತ.

ಅವಳ ಮುಖ ಸಣ್ಣದಾಯಿತು. ವಾಪಸು ಬಂದವಳೇ ತ್ರಿಕೋನ ಅಳಿಸಿ ಮೂರು ಬೂದು ಚುಕ್ಕಿ ಇಟ್ಟಳು. ಒಂದು ನಿಮಿಷವಾದರೂ ಸರಿಹೋಗದಿದ್ದರೆ ಮಾತ್ರ ಅವು ಕೆಂಪಾಗಬೇಕು. ತಿಂಗಳೊಳಗೆ ದಿನಕ್ಕೆ ನಲವತ್ತಿದ್ದ ಕರೆಗಳು ಐದಕ್ಕೆ ಇಳಿದವು. ವಿಮಾ ಕಚೇರಿಯಿಂದ ಹೊಗಳಿಕೆಯ ಪತ್ರ ಬಂತು.

ಅದಾದ ಮೇಲೆ ಒಂದು ಬೆಳಿಗ್ಗೆ ಫೋನು.

"ನಾನು ಪ್ಲಗ್ಗಣ್ಣ. ಐದು ಕರೆಗೆ ಪೂರ್ತಿ ಒಬ್ಬ ಆಳು ಯಾಕೆ ಅಂತ ನನ್ನನ್ನ ಗೋದಾಮಿಗೆ ಹಾಕಿದ್ರು."

"ಅಯ್ಯೋ, ನನ್ನಿಂದ..."

"ಬಿಡಿ. ಇಲ್ಲಿ ಮೆಟ್ಟಿಲಿಲ್ಲ, ಮಂಡಿಗೆ ಆರಾಮ. ಮಾತಾಡಿಸೋರೂ ಇಲ್ಲ ಅನ್ನೋದೇ..." ಅವನು ಮಾತು ತಿರುಗಿಸಿದ. "ಫೋನ್ ಮಾಡಿದ್ದು ಅದಕ್ಕಲ್ಲ. ನಿಮ್ಮ ಚುಕ್ಕಿ ದೂರದಿಂದ ಕಾಣಲ್ಲ."

"ಎಷ್ಟು ದೂರ?"

"ನಾನು ನಿಲ್ಲೋ ಕಪಾಟಿನಿಂದ ಕಂಪ್ಯೂಟರಿಗೆ ಏಳು ಹೆಜ್ಜೆ."

ಅವಳು ಫೋನು ಕಿವಿಗಿಟ್ಟುಕೊಂಡೇ ಮೇಜಿನಿಂದ ಏಳು ಹೆಜ್ಜೆ ಎಣಿಸಿ ತಿರುಗಿ ನೋಡಿದಳು. ಚುಕ್ಕಿಗಳು ಕಾಣಲಿಲ್ಲ.

"ಹೌದು ಕಣಣ್ಣ. ದೊಡ್ಡದು ಮಾಡ್ತೀನಿ."

"ಮಾಡಿದ ಮೇಲೆ ಒಂದು ಫೋನ್ ಹಾಕಿ."

ಚುಕ್ಕಿಗಳು ಸರಿಯಾಗಲು ಮೂರು ದಿನ ಹಿಡಿಯಿತು. ನಾಲ್ಕನೆಯ ದಿನ ಅವಳು ಫೋನ್ ಮಾಡಿದಳು. ಚುಕ್ಕಿಯ ಮಾತು ಎರಡು ನಿಮಿಷಕ್ಕೆ ಮುಗಿಯಿತು. ಫೋನು ಇಟ್ಟಾಗ ಮುಕ್ಕಾಲು ಗಂಟೆ ಕಳೆದಿತ್ತು.